ಅರಿಷಿಣದ ಕಲೆ

ಬಿಳೀ ಚಾದರ ಕೊಡಬೇ ಅಂತ ಬಂದ ನನ್ನ ಮಗ ಚೌಡೇಶ,
ಹಿಂದ ದಾದಾಪೀರ, ಅವನ ಹಿಂದ
ಪ್ರೊಜೆಕ್ಟರ್ ಎದಿಗೆ ಅವಚಿಕೊಂಡು
ಗೂಳಪ್ಪ ಮಾಸ್ತರ ಮಗಳು ನೀಲಗಂಗಾ.
ಎದಕ್ಕ ಅಂದೆ.
ದೇಶ ದೇಶದ ಹುಡುಗರು ಸಿನಿಮಾ ಮಾಡಿ ಕಳಿಸ್ಯಾರ,
ಒಂದು ಕಪ್ಪು ಚಾ ಆರೂದ್ರಾಗ ಒಂದು ಮುಗೀತೈತಿ,
ಪರದೆ ಇಲ್ಲ.

ಅರ್ಧ ಬೆಟಗೇರಿಗೆ ಸಾಲೂವಷ್ಟು ನೇಯ್ದ ಕೈ ಇದು,
ಟ್ರಂಕ್ ತಗದ್ರ ಬಿಳೀದು ಒಂದ.
ಅದಕ್ಕೂ ಮೂಲ್ಯಾಗ ಅಂಗೈಯಷ್ಟು ಅರಿಷಿಣದ ಕಲೆ,
ಚೌಡೇಶ ಮೊಳಕಾಲು ಒಡಕೊಂಡು ಬಂದಾಗಿಂದು.
ಸೋಡಾ ಹಾಕೀನಿ, ನಿಂಬೀಹಣ್ಣು ತಿಕ್ಕೀನಿ,
ಏಳು ಬ್ಯಾಸಗಿ ಬಿಸಲಿಗೆ ಹಾಕೀನಿ.
ಕಲೆ ಒಳಗ ಹೋಗೂಹಂಗ ಮಡಚಿ ಕೊಟ್ಟೆ.
ಅವರು ಬಿಚ್ಚಿ ಕಟ್ಟಿದ ಮ್ಯಾಲೆ
ಎಡಕ್ಕ, ಕೆಳಗ ಬಂತು.

ಕೀಲಿ ಬಿದ್ದ ಸೊಸೈಟಿ ಅಂಗಳದಾಗ ಕತ್ತಲಾತು.
ಫಿನ್ಲೆಂಡ್ ಅಂತ. ಒಬ್ಬ ಹುಡುಗ
ಹಿಮದಾಗ ಸಾಲಿಗೆ ಹೊಂಟಾನ. ಅಷ್ಟ ಕತಿ, ನಡಿಯೂದು.
ಅಷ್ಟು ಬೆಳ್ಳನ ಹಿಮದ ಮ್ಯಾಲೆ ನನ್ನ ಹಳದಿ.
ಯಾವ ನಾಯಿ ಮಾಡಿ ಹೋತೋ, ಅಂದ್ಲು ರಾಚವ್ವ.
ಇಡೀ ಅಂಗಳ ನಕ್ಕಿತು.
ನಾ ಸೆರಗು ಬಾಯಿಗೆ ಇಟಗೊಂಡೆ.

ಮಂಗೋಲಿಯಾದಾಗ ಅದು ಕುದುರಿ ಗೊರಸಿನ ಬಾಜೂ ಹೂವಾತು.
ಪೆರು ದೇಶದ ಹುಡುಗಿ ಕೂಡ ಅವರವ್ವ ಮಾತು ಬಿಟ್ಟಾಳ,
ಅಲ್ಲಿ ಅದು ಯಾರೂ ಒರಸದ ಸಾರು.
ಕಪ್ಪತಗುಡ್ಡದ ಕಡಿಂದ ಗಾಳಿ ಬಂದಾಗ
ಪೋರ್ಚುಗಲ್ಲಿನ ಒಂದು ಮನಿ
ಬಸುರಿ ಹೊಟ್ಟಿ ಹಂಗ ಉಬ್ಬಿ, ಮತ್ತ ಇಳೀತು.

ಮಾತು ತಿಳೀಲಿಲ್ಲ. ಕೆಳಗ ಇಂಗ್ಲಿಷ್ ಓಡತಿತ್ತು,
ನೀಲಗಂಗಾ ಓದಿ ಹೇಳೂದ್ರಾಗ
ಅಳೂದು ಮುಗದು ನಗು ಬಂದಿರತಿತ್ತು.
ನಾ ಅರಿವಿ ನೋಡಿದೆ. ಅರಿವಿ ಸುಳ್ಳು ಹೇಳೂದಿಲ್ಲ.
ಇವನ ಅಂಗಿ ಅಣ್ಣಂದು, ತೋಳು ಮಡಚ್ಯಾರ.
ಇಕಿ ಲಂಗದ ಅಂಚು ಎರಡು ಸಲ ಬಿಚ್ಚಿ ಹೊಲದಾರ,
ಹುಡುಗಿ ಬೆಳ್ಯಾಕ ಹತ್ಯಾಳ.

ಆಮ್ಯಾಲೆ ಘಾನಾ.
ಹುಡುಗ ಅವರಪ್ಪನ ಮಗ್ಗದ ಮುಂದ ಕ್ಯಾಮೆರಾ ಇಟ್ಟು
ತಾ ಸುಮ್ಮನ ಕುಂತಾನ.
ನಾಕು ಬೆರಳಗಲದ ಪಟ್ಟಿ ನೇಯ್ತಾರ ಅವರು,
ಉದ್ದ, ಗದಗ ಸ್ಟೇಶನ್ನಿನ ಹಳಿ ಹಂಗ ಉದ್ದ.
ಲಾಳಿ ಹೋತು, ಬಂತು, ಹೋತು,
ಎಳಿ ಹರೀತು! ಅಂತ ಒದರಿದೆ ನಾ ಕತ್ತಲದಾಗ.
ಆ ಮನಷ್ಯಾ ಇನ್ನೂ ಎರಡು ಲಾಳಿ ಒಗದು
ಆಮ್ಯಾಲೆ ನಿಂತ. ಬಗ್ಗಿದ. ಗಂಟು ಹಾಕಿದ.
ಎಲ್ಲಾರೂ ಹೊಳ್ಳಿ ನನ್ನ ನೋಡಿದ್ರು.
ಅವನೂ ತಲಿ ಎತ್ತಿ ಒಮ್ಮೆ ಈ ಕಡೆ ನೋಡಿದ.

ಕಡೀದು ನಮ್ಮೂರಿಂದು, ಅಂದ ದಾದಾಪೀರ.
ಹಾಡಿಲ್ಲ, ಮುಖ ಇಲ್ಲ.
ಮಗ್ಗದ ಕುಣಿ. ಅದರ ಕತ್ತಲದಾಗ ಒಂದು ಕಾಲು
ಏಳತೈತಿ, ಇಳೀತೈತಿ.
ಎದ್ದಾಗ ಒಂದು ಸಪ್ಪಳ, ಇಳದಾಗ ಒಂದು.
ಹಿಮ್ಮಡ ಬಿರದು ಬೆರಳು ಹೋಗೂವಷ್ಟು ಸೀಳು.
ಯಾರ ಕಾಲ ತಾಯಿ ಇದು, ಏನರ ಹಚ್ಚಬಾರದೇನು,
ಅಂದ್ಲು ರಾಚವ್ವ, ಖರೇನ ಮರುಗಿ.
ನನಗೂ ಹಂಗ ಅನಿಸಿತು: ಯಾರದೋ, ಪಾಪ.
ಕಾಲುಂಗುರದ ಚೊಟ್ಟ ಕಾಣೂತನಾ.

ಯಾವಾಗ ಕುಣಿಯಾಗ ಇಳದು ಕುಂತಿದ್ದ ಈ ಹುಡುಗ?
ಊಟಕ್ಕ ಕರದ್ರ ಓಗೊಡದ ದಿನ ಇರಬೇಕು.
ನಾಕು ನಿಮಿಷ.
ಕಾಲು ಇಳದಾಗೊಮ್ಮೆ ಆ ಹಿಮ್ಮಡ ಬಂದು
ಎಡಕ್ಕ, ಕೆಳಗ, ಹಳದಿ ಮ್ಯಾಲೆ ಕೂಡತಿತ್ತು.
ಏಳತಿತ್ತು.
ಮತ್ತ ಬಂದು ಕೂಡತಿತ್ತು.

ರಾಚವ್ವಗ ಹೇಳಲಿಲ್ಲ.
ಸೀರಿ ಒಳಗ ಕಾಲು ಎಳಕೊಂಡೆ.

ಮುಂಜಾನೆ ಕುಣಿಯಾಗ ಇಳೀಬೇಕಾದ್ರ
ಮೊದಲು ಕೈಲೆ ತಡವಿ ನೋಡಿದೆ,
ಯಾರರ ಕುಂತಾರೇನು ಅಂತ.
ಯಾರೂ ಇರಲಿಲ್ಲ.
ಆದರೂ ನಾಕು ಬೆರಳಷ್ಟು
ಯಾರೋ ನೋಡಾಕ ಹತ್ಯಾರ ಅನ್ನೂಹಂಗ ನೇಯ್ದೆ.
ಕೆಟ್ಟು ಬಂತು.
ಬಿಚ್ಚಿದೆ.